ಸಹಜ ಸ್ವರವೂ ಸಮಭಾಗ ಸ್ವರವೂ



ಬೆಂಗಳೂರಿನ ಪಶ್ಚಿಮ ದಿಕ್ಕಿನಲ್ಲಿರುವ ನಾಗರಬಾವಿ ನಿಮ್ಮಲ್ಲಿ ಅನೇಕರಿಗೆ ಪರಿಚಿತವಾದ ಸ್ಥಳ. ಒಂದು ಕಾಲಕ್ಕೆ ಊರಾಚೆಯ ಹಳ್ಳಿಯಾಗಿದ್ದ ಅದು ಈಗ ಮನೆಗೆ ಮನೆ ಅಂಟಿಕೊಂಡಿರುವ ಬಡಾವಣೆ. ಆದಕಾರಣ ಅಲ್ಲಿ ಯಾರ ಸಂಗೀತವೂ ಅವರವರ ಗೋಡೆಗಳೊಳಗೆ ಉಳಿಯುವಂತಿಲ್ಲ. ನಾವಿರುವ ಬೀದಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಕೆಳಗಿನ ಮನೆಯಿಂದ ವೀಣೆಯ ನಾದ ಮೇಲಕ್ಕೇರುತ್ತದೆ. ಮಹಡಿಯ ಮೇಲಿನ ನಮ್ಮ ಮನೆಯಿಂದ ನಮ್ಮ ಮಗಳು ಅಭ್ಯಾಸ ಮಾಡುವ ಕೀಬೋರ್ಡಿನ ಧ್ವನಿ ಕೆಳಕ್ಕಿಳಿಯುತ್ತದೆ. ಕೀಬೋರ್ಡೆಂಬುದು ಹಾರ್ಮೋನಿಯಮ್ಮಿನ ವಿದ್ಯುತ್ ಸಂತಾನವೆಂದು ತಿಳಿದರೆ ಸಾಕು. ಕೆಳಗಿನ ಮನೆಯ ವೀಣೆಯ ಉಪಾಧ್ಯಾಯಿನಿಯವರು ವೃದ್ಧರು, ಮಿತಭಾಷಿಗಳು. ಅವರು ಒಂದು ಸಂಜೆ ಮೆಟ್ಟಲು ಹತ್ತಿ ಬಂದು, "ಮೇಷ್ಟ್ರೇ, ತಪ್ಪು ತಿಳಿಯಬೇಡಿ. ಮಗುವಿನ ಗಾಂಧಾರ ಕೆಡುತ್ತಿದೆ. ಹಾಡುವಾಗ ಆ ಪೆಟ್ಟಿಗೆಯನ್ನು ಪಕ್ಕಕ್ಕಿಡಿಸಿ" ಎಂದರು.

ನಾವು ಕಾಲೇಜಿನಲ್ಲಿ ಗಣಿತವನ್ನು ಹೇಳಿಕೊಡುವವರು. ಇಂಗ್ಲಿಷು ಪುಸ್ತಕಗಳಲ್ಲಿ ಈ ವಿಷಯವನ್ನು ಎಂದೋ ಓದಿದ್ದೆವು, ಆ ಧೈರ್ಯದಿಂದ, "ಅಮ್ಮಾ, ಸಹಜವಾದ ಗಾಂಧಾರಕ್ಕೂ ಈ ಪೆಟ್ಟಿಗೆಯ ಗಾಂಧಾರಕ್ಕೂ ಇರುವ ಅಂತರ ನೂರರಲ್ಲಿ ಒಂದು ಪಾಲೂ ಇಲ್ಲ. ಅದು ಕಿವಿಗೆ ಗೊತ್ತಾಗುವಂಥದಲ್ಲ" ಎಂದು ಉತ್ತರ ಕೊಟ್ಟೆವು. ಅವರು ವಾದಕ್ಕೆ ನಿಲ್ಲಲಿಲ್ಲ. ಕೆಳಕ್ಕೆ ಕರೆದುಕೊಂಡು ಹೋಗಿ, ತಂಬೂರಿಯನ್ನು ಕೀಬೋರ್ಡಿನ ಷಡ್ಜಕ್ಕೆ ಸರಿಯಾಗಿ ಶ್ರುತಿ ಮಾಡಿ, ಮೀಟುತ್ತ ಕುಳಿತರು. ಮಗಳಿಂದ ಪಂಚಮವನ್ನು ಒತ್ತಿಸಿದರು. ತಂಬೂರಿಯ ನಾದದಲ್ಲಿ ಅದು ಲೀನವಾಯಿತು. ಅಂತರ ಗಾಂಧಾರವನ್ನು ಒತ್ತಿಸಿದರು. ನೀರಿನ ಮೇಲೆ ಗಾಳಿ ಬೀಸಿದಂತೆ ಧ್ವನಿ ನಡುಗತೊಡಗಿತು. ಬಳಿಕ ಪೆಟ್ಟಿಗೆಯನ್ನು ನಿಲ್ಲಿಸಿ ಅದೇ ಗಾಂಧಾರವನ್ನು ತಾವೇ ಹಾಡಿದರು. ನಡುಕ ನಿಂತುಹೋಯಿತು. ಕಿವಿಗೆ ಗೊತ್ತಾಗದೆಂದು ನಾವು ಹೇಳಿದ್ದು ಕಿವಿಗೆ ಗೊತ್ತಾಯಿತು. ಅಷ್ಟೇ ಅಲ್ಲ, ಏಳು ವರ್ಷದ ಮಗುವಿಗೂ ಗೊತ್ತಾಯಿತು. ಆ ಸಂಜೆಯ ಮುಖಭಂಗವೇ ಈ ಭಾಷಣಕ್ಕೆ ಕಾರಣವೆಂದು ಒಪ್ಪಿಕೊಳ್ಳುತ್ತೇವೆ.

ನಡುಗಿದ್ದು ಏಕೆ? ತಂಬೂರಿಯ ಮೇಲಿನ ಷಡ್ಜದ ತಂತಿ ಸೆಕೆಂಡಿಗೆ 240 ಸಲ ಕಂಪಿಸುತ್ತದೆಂದು ಇಟ್ಟುಕೊಳ್ಳಿ. ತಂತಿಯನ್ನು ಮೀಟಿದಾಗ ಆ 240ರ ಧ್ವನಿಯೊಂದೇ ಹೊರಡುವುದಿಲ್ಲ; ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ವೇಗದ ಸೂಕ್ಷ್ಮಧ್ವನಿಗಳೂ ಜೊತೆಗೆ ಹೊಮ್ಮುತ್ತವೆ. ಐದನೆಯ ಧ್ವನಿ 1200. ತಂಬೂರಿಯ ಮಂದ್ರದ ತಂತಿಯಿಂದ ಗಾಂಧಾರವು ತಾನಾಗಿಯೇ ಕೇಳಿಬರುತ್ತದೆಂದು ಗಾಯಕರು ಹೇಳುವರಷ್ಟೆ. ಅದು ಈ ಐದನೆಯ ಧ್ವನಿಯೇ. ಸಹಜವಾದ ಅಂತರ ಗಾಂಧಾರವು ಷಡ್ಜದ ನಾಲ್ಕಕ್ಕೆ ಐದು, ಎಂದರೆ 300. ಅದರ ನಾಲ್ಕರಷ್ಟು 1200. ಎರಡು 1200ಗಳೂ ಒಂದರೊಳಗೊಂದು ಸೇರಿಕೊಳ್ಳುತ್ತವೆ. ಕೀಬೋರ್ಡಿನ ಗಾಂಧಾರವಾದರೋ 302.4; ಅದರ ನಾಲ್ಕರಷ್ಟು 1209.5. ಹೀಗೆ 1200ಕ್ಕೂ 1209.5ಕ್ಕೂ ಹೊಂದಿಕೆಯಾಗದೆ, ಸೆಕೆಂಡಿಗೆ ಒಂಬತ್ತು ಹತ್ತು ಸಲ ನಾದ ಉಬ್ಬಿ ತಗ್ಗುತ್ತದೆ. ನಾವು ಕೇಳಿದ ನಡುಕ ಅದು. ಪಂಚಮದಲ್ಲಿ ಈ ತೊಂದರೆ ಬಹಳ ಕಡಮೆ: ಸಹಜ ಪಂಚಮ 360, ಪೆಟ್ಟಿಗೆಯದು 359.6, ಉಬ್ಬುತಗ್ಗು ಸೆಕೆಂಡಿಗೆ ಒಂದು ಸಲವೂ ಆಗುವುದಿಲ್ಲ. ನೂರರಲ್ಲಿ ಒಂದು ಪಾಲೂ ಇಲ್ಲವೆಂಬ ನಮ್ಮ ಲೆಕ್ಕ ಸರಿಯೇ. ಆದರೆ ಕಿವಿ ಭಾಗಾಕಾರ ಮಾಡುವುದಿಲ್ಲ. ಅದು ನಡುಕವನ್ನು ಎಣಿಸುತ್ತದೆ.

ಹಾಗಾದರೆ ಪೆಟ್ಟಿಗೆಯನ್ನು ಮಾಡಿದವರು ಸಹಜ ಗಾಂಧಾರವನ್ನೇ ಏಕೆ ಇಡಲಿಲ್ಲ? ಅವರೇನೂ ಕಿವುಡರಲ್ಲ. ಷಡ್ಜದಿಂದ ಹೊರಟು ಪಂಚಮಕ್ಕೆ ಹೋಗಿ; ಆ ಪಂಚಮವನ್ನು ಷಡ್ಜವೆಂದು ತಿಳಿದು ಅದರ ಪಂಚಮಕ್ಕೆ ಹೋಗಿ; ಹೀಗೆ ಹನ್ನೆರಡು ಸಲ ಮಾಡಿದರೆ ಹೊರಟ ಷಡ್ಜಕ್ಕೇ, ಏಳು ಸ್ಥಾಯಿ ಮೇಲಕ್ಕೆ, ಬಂದು ಸೇರುತ್ತೇವೆಂದು ತೋರುತ್ತದೆ. ಲೆಕ್ಕ ಹಾಕಿ ನೋಡೋಣ. ಒಂದೂವರೆಯನ್ನು ಹನ್ನೆರಡು ಸಲ ಗುಣಿಸಿದರೆ ಸುಮಾರು 129.75 ಬರುತ್ತದೆ, ಎರಡನ್ನು ಏಳು ಸಲ ಗುಣಿಸಿದರೆ 128. ಒಂದೂಮುಕ್ಕಾಲು ಹೆಚ್ಚು. ವೃತ್ತ ಮುಚ್ಚಿಕೊಳ್ಳಲಿಲ್ಲ. ಇದು ಯಾವ ದೇಶದವರ ತಪ್ಪೂ ಅಲ್ಲ. ಮೂರರ ಘಾತ ಬೆಸಸಂಖ್ಯೆ, ಎರಡರ ಘಾತ ಸಮಸಂಖ್ಯೆ, ಅವು ಎಂದಿಗೂ ಒಂದಾಗಲಾರವು. ಈ ಮಿಗುವ ಚೂರಿಗೆ ಯೂರೋಪಿನವರು ಪೈಥಾಗೊರಸನ ಕಾಮಾ ಎಂದು ಹೆಸರಿಟ್ಟಿದ್ದಾರೆ.

ಇಂಥ ಚೂರುಗಳನ್ನು ಅಳೆಯಲು ಒಂದು ಮೊಳಕೋಲು ಬೇಕು. ಎಲ್ಲಿಸ್ ಎಂಬ ಆಂಗ್ಲ ವಿದ್ವಾಂಸನು 1885ರಲ್ಲಿ ಬಳಕೆಗೆ ತಂದ ಸೆಂಟೆಂಬ ಮಾನ ಅನುಕೂಲವಾಗಿದೆ: ಒಂದು ಸ್ಥಾಯಿಗೆ 1200 ಸೆಂಟು, ಹಾರ್ಮೋನಿಯಮ್ಮಿನ ಒಂದು ಮನೆಯಿಂದ ಪಕ್ಕದ ಮನೆಗೆ, ಬಿಳಿದಾಗಲಿ ಕರಿದಾಗಲಿ, 100. ಮೇಲೆ ಹೇಳಿದ ಕಾಮಾ 23½ ಸೆಂಟು. ಅದನ್ನು ಹನ್ನೆರಡು ಪಂಚಮಗಳಿಗೂ ಸಮನಾಗಿ ಹಂಚಿಬಿಟ್ಟರೆ ಒಂದೊಂದು ಪಂಚಮಕ್ಕೂ ಎರಡು ಸೆಂಟಿನಷ್ಟು ನಷ್ಟ. 702 ಇದ್ದದ್ದು 700 ಆಯಿತು. ಯಾರೂ ದೂರುವುದಿಲ್ಲ. ಇದೇ ಸಮಭಾಗ ಸ್ವರಪದ್ಧತಿ, ಇಂಗ್ಲಿಷಿನವರ ಟೆಂಪರ್ಡ್ ಸ್ಕೇಲು. ಯಾವ ಮನೆಯನ್ನು ಷಡ್ಜವೆಂದು ಹಿಡಿದರೂ ಉಳಿದ ಹನ್ನೊಂದು ಒಂದೇ ರೀತಿಯಾಗಿ ಕೇಳುತ್ತವೆಂಬುದು ಇದರ ಲಾಭ. ಈ ಹಂಚಿಕೆಯ ಭಾರವೆಲ್ಲ ಬಿದ್ದದ್ದು ಗಾಂಧಾರದ ಮೇಲೆ. ಸಹಜ ಗಾಂಧಾರ 386 ಸೆಂಟು. ಪೆಟ್ಟಿಗೆಯಲ್ಲಿ ಅದು 400. ಮೂರು ಸಹಜ ಗಾಂಧಾರಗಳನ್ನು ಒಂದರ ಮೇಲೊಂದು ಪೇರಿಸಿದರೆ 125ಕ್ಕೆ 64ರ ಪ್ರಮಾಣ. ಸ್ಥಾಯಿ ಪೂರ್ತಿಯಾಗಲು 128ಕ್ಕೆ 64 ಬೇಕು. ಕೊರತೆ 41 ಸೆಂಟು. ಅದನ್ನು ಮೂವರಿಗೂ ಹಂಚಿದಾಗ ತಲೆಗೆ ಹದಿನಾಲ್ಕರಂತೆ ಏರಿಸಬೇಕಾಯಿತು. ವೃದ್ಧ ಉಪಾಧ್ಯಾಯಿನಿಯವರ ಕಿವಿ ಹಿಡಿದದ್ದು ಈ ಹದಿನಾಲ್ಕನ್ನು.

ಇಷ್ಟಕ್ಕೇ ನಿಲ್ಲಿಸಿದರೆ, ಇದೆಲ್ಲ ಪರದೇಶದ ವಾದ್ಯದ ದೋಷ, ನಮ್ಮ ಸಂಗೀತ ಇದರಿಂದ ಮುಕ್ತವಾದದ್ದು, ಎಂಬ ಸಮಾಧಾನ ಸಿಕ್ಕುತ್ತದೆ. ಬಹುಕಾಲ ಬಹುಮಂದಿ ಹೀಗೆಯೇ ನಂಬಿದ್ದರು. ಆಲ್ ಇಂಡಿಯಾ ರೇಡಿಯೋದವರು 1940ರಲ್ಲಿ ಹಾರ್ಮೋನಿಯಮ್ಮನ್ನು ತಮ್ಮ ನಿಲಯಗಳಿಂದ ಹೊರಗಿಟ್ಟರು. 1971ರವರೆಗೆ ಆ ನಿಷೇಧ ಪೂರ್ಣವಾಗಿ ನಡೆಯಿತು. ಅದಕ್ಕೆ ಮುನ್ನ ಆ ವಾದ್ಯದ ಮೇಲೆ ಲೇಖನಿ ಎತ್ತಿದವರಲ್ಲಿ ದೆಹಲಿ ನಿಲಯದ ಪಾಶ್ಚಾತ್ಯ ಸಂಗೀತದ ಮುಖ್ಯಸ್ಥನಾಗಿದ್ದ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ವಾಗ್ಗೇಯಕಾರನೇ ಒಬ್ಬನೆಂಬುದು ವಿನೋದ. ರವೀಂದ್ರನಾಥ ಠಾಕೂರರಿಗೂ ಈ ಪೆಟ್ಟಿಗೆಯನ್ನು ಕಂಡರೆ ಆಗುತ್ತಿರಲಿಲ್ಲ. ಇದರ ಮೇಲಿನ ಆಪಾದನೆಗಳು ಎರಡು: ಗಮಕ ನುಡಿಯಲಾರದು, ಸ್ವರಗಳು ಸಹಜವಲ್ಲ. ಮೊದಲನೆಯದಕ್ಕೆ ಪ್ರತ್ಯುತ್ತರವಿಲ್ಲ, ಒತ್ತಿದ ಮನೆಯ ಧ್ವನಿಯನ್ನು ಬೆರಳಿನಿಂದ ಜಗ್ಗಲು ಬರುವುದಿಲ್ಲ. ಎರಡನೆಯದನ್ನು ಕುರಿತು ಮಾತ್ರ ನಮಗೆ ಒಂದು ತಕರಾರಿದೆ. ಆ ತಕರಾರನ್ನು ನಮಗೆ ಕಲಿಸಿದ್ದೂ ಕೆಳಗಿನ ಮನೆಯ ವೀಣೆಯೇ.

ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆ ಮಾಡುವವರ ಊರೆಂದು ಹೆಸರಾದದ್ದು. ಅಲ್ಲಿಯ ಕುಶಲಕರ್ಮಿಯೊಬ್ಬರು ಆ ವೀಣೆಯ ಮೆಟ್ಟಲುಗಳನ್ನು ಹೊಸದಾಗಿ ಕೂರಿಸುವುದಕ್ಕೆ ಬಂದಿದ್ದರು. ಕಪ್ಪುಪುಡಿ ಬೆರೆಸಿದ ಜೇನುಮೇಣದ ಮೇಲೆ ಇಪ್ಪತ್ತನಾಲ್ಕು ಮೆಟ್ಟಲುಗಳನ್ನೂ ಒಂದೊಂದಾಗಿ ಇಟ್ಟು, ತಂತಿಯನ್ನು ಮೀಟಿ ಕೇಳಿ, ಅಷ್ಟಿಷ್ಟು ಸರಿಸಿ, ಮೇಣ ಗಟ್ಟಿಯಾಗುವ ಮುನ್ನವೇ ಒತ್ತಿ ನಿಲ್ಲಿಸುವ ಕೆಲಸ. ಅಳತೆಗೋಲಿಲ್ಲ, ಕಿವಿಯೇ ಅಳತೆ. ನಾವು ಬಳಿಯಲ್ಲಿಯೇ ಕುಳಿತು ನೋಡುತ್ತಿದ್ದೆವು. ಎರಡನೆಯ ಮೆಟ್ಟಲಿಗೆ ಬಂದಾಗ ಅವರು ಬಹಳ ಹೊತ್ತು ತೆಗೆದುಕೊಂಡರು. ಸಾರಣಿಯ ತಂತಿಯಲ್ಲಿ ನೋಡುವುದು, ಪಂಚಮದ ತಂತಿಯಲ್ಲಿ ನೋಡುವುದು, ಮತ್ತೆ ಸಾರಣಿಯಲ್ಲಿ ಒಂಬತ್ತನೆಯ ಮೆಟ್ಟಲಿಗೆ ಹಾರಿ ಅದರೊಡನೆ ಹೋಲಿಸುವುದು. ಕೇಳಿದ್ದಕ್ಕೆ, "ಈ ತಂತಿಗೆ ಸರಿಮಾಡಿದರೆ ಆ ತಂತಿಗೆ ಒಂದಿಷ್ಟು ಹೆಚ್ಚಾಗುತ್ತೆ, ಸ್ವಾಮಿ. ಎರಡಕ್ಕೂ ಹಂಚಬೇಕು. ಹಂಚುವಾಗಲೂ ಕೆಳಕ್ಕೇ ಇಡಬೇಕು. ಕಡಮೆಯಾದರೆ ನುಡಿಸುವವರು ಎಳೆದುಕೊಳ್ಳುತ್ತಾರೆ. ಹೆಚ್ಚಾದರೆ ಏನು ಮಾಡುತ್ತಾರೆ?" ಎಂದರು.

ಆ ಮಾತಿನ ಗಣಿತ ಹೀಗಿದೆ. ಎರಡನೆಯ ಮೆಟ್ಟಲು ಸಾರಣಿಯಲ್ಲಿ ಚತುಶ್ರುತಿ ಋಷಭ. ಷಡ್ಜದ 8ಕ್ಕೆ 9. ಅದೇ ಮೆಟ್ಟಲು ಪಂಚಮದ ತಂತಿಯಲ್ಲಿ ಚತುಶ್ರುತಿ ಧೈವತ; ಪಂಚಮವು 2ಕ್ಕೆ 3 ಆದ್ದರಿಂದ ಧೈವತ 16ಕ್ಕೆ 27 ಆಗುತ್ತದೆ. ಆದರೆ ಸಾರಣಿಯ ಒಂಬತ್ತನೆಯ ಮೆಟ್ಟಲಿನಲ್ಲಿ ಷಡ್ಜಕ್ಕೆ ಇಂಪಾಗಿ ಒಪ್ಪುವ ಧೈವತ 3ಕ್ಕೆ 5. ಎರಡನ್ನೂ 48ರ ಛೇದಕ್ಕೆ ತಂದರೆ ಒಂದು 81, ಇನ್ನೊಂದು 80. ನಮ್ಮ ಶಾಸ್ತ್ರಜ್ಞರು ಪ್ರಮಾಣಶ್ರುತಿಯೆಂದು ಕರೆಯುವುದನ್ನು ಈಚಿನ ವಿದ್ವಾಂಸರು ಸಾಮಾನ್ಯವಾಗಿ ಈ 80ಕ್ಕೆ 81ರ ಅಂತರವೆಂದೇ ಗುರುತಿಸುತ್ತಾರೆ. ಸುಮಾರು 21½ ಸೆಂಟು. ಮೆಟ್ಟಲು ಒಂದೇ, ಅದು ಎರಡು ಕಡೆಯೂ ಸತ್ಯ ನುಡಿಯಲಾರದು. ಆದ್ದರಿಂದ ಕುಶಲಕರ್ಮಿ ಹಂಚಿದರು. ಹಂಚಿದರೆಂದ ಮೇಲೆ ಅದೂ ಟೆಂಪರಮೆಂಟೇ. ಪಿಯಾನೋ ಮಾಡುವವನು ಮಾಡುವುದನ್ನೇ, ಇಂಗ್ಲಿಷು ಬಾರದ ಈ ಮನುಷ್ಯರು ನಾಗರಬಾವಿಯ ನಡುಮನೆಯಲ್ಲಿ ಮೇಣದಿಂದ ಮಾಡಿದರು. ಭೇದವಿರುವುದು ಒಂದು ಕಡೆ: ವೀಣೆಯವನು ತಂತಿಯನ್ನು ಪಕ್ಕಕ್ಕೆಳೆದು ತಪ್ಪನ್ನು ತಿದ್ದಿಕೊಳ್ಳಬಲ್ಲ, ಎಳೆತದಿಂದ ಸ್ವರ ಏರುವುದೇ ಹೊರತು ಇಳಿಯದು, ಆದಕಾರಣ ತಪ್ಪನ್ನು ತಿದ್ದಲು ಬರುವ ಪಕ್ಕದಲ್ಲಿಯೇ ಇಡಬೇಕೆಂಬ ವಿವೇಕ ಆ ಕಸಬಿನಲ್ಲಿದೆ. ಪಿಟೀಲಿಗೆ ಮೆಟ್ಟಲೇ ಇಲ್ಲವಾದ್ದರಿಂದ ಅದರ ಮಾತು ಬೇರೆ.

ಇದು ಹೊಸ ಕಷ್ಟವಲ್ಲ. ವಿಜಯನಗರದಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯನು 1550ರಲ್ಲಿ ಸ್ವರಮೇಳಕಲಾನಿಧಿಯೆಂಬ ಗ್ರಂಥವನ್ನು ರಚಿಸಿದನು. ಅದರಲ್ಲಿ ಶುದ್ಧಮೇಳ ವೀಣೆಯ ವರ್ಣನೆಯಿದೆ. ತಂತಿಗಳು ನಾಲ್ಕು: ಷಡ್ಜ, ಪಂಚಮ, ಮೇಲಿನ ಷಡ್ಜ, ಮಧ್ಯಮ. ಅವುಗಳ ಅಡಿಯಲ್ಲಿ ಮೊದಲು ಆರು ಮೆಟ್ಟಲು. ಪ್ರತಿಯೊಂದು ಮೆಟ್ಟಲಿನಲ್ಲಿಯೂ ಪ್ರತಿಯೊಂದು ತಂತಿ ಯಾವ ಸ್ವರವನ್ನು ನುಡಿಯುವುದೆಂದು ಅವನು ಹೆಸರು ಹೇಳುತ್ತ ಹೋಗುತ್ತಾನೆ. ಸಂಖ್ಯೆಗಳನ್ನು ಅವನು ಕೊಟ್ಟಿಲ್ಲ. ಅವನ ಮಾತನ್ನು ಹಿಡಿದುಕೊಂಡು ಸಂಖ್ಯೆಗಳನ್ನು ತುಂಬುವ ಕೆಲಸವನ್ನು ನಾವು ಒಂದು ಭಾನುವಾರ ಮಧ್ಯಾಹ್ನ ಮಾಡಿ ನೋಡಿದೆವು. ಬಹಳ ಸಂತೋಷ ಕೊಟ್ಟ ಮಧ್ಯಾಹ್ನ ಅದು.

ಎರಡನೆಯ ಮೆಟ್ಟಲು ಮಧ್ಯಮದ ತಂತಿಯಲ್ಲಿ ಪಂಚಮ. ಮಧ್ಯಮ 3ಕ್ಕೆ 4, ಪಂಚಮ 2ಕ್ಕೆ 3. ಆದ್ದರಿಂದ ಆ ಮೆಟ್ಟಲು 8ಕ್ಕೆ 9. ಅದೇ ಮೆಟ್ಟಲು ಪಂಚಮದ ತಂತಿಯಲ್ಲಿ ಅವನ ಶುದ್ಧ ನಿಷಾದ. ಆ ನಿಷಾದವೇ ಮಧ್ಯಮದ ತಂತಿಯಲ್ಲಿ ನಾಲ್ಕನೆಯ ಮೆಟ್ಟಲಿನಲ್ಲಿ ಬರುವುದರಿಂದ ನಾಲ್ಕನೆಯದರ ಪ್ರಮಾಣ ಸಿಕ್ಕಿತು. ನಾಲ್ಕನೆಯದು ಪಂಚಮದ ತಂತಿಯಲ್ಲಿ ಕೊಡುವ ಸ್ವರ ಮಧ್ಯಮದ ತಂತಿಯಲ್ಲಿ ಆರನೆಯದು. ಈ ರೀತಿ ಒಂದರ ಕೈ ಹಿಡಿದು ಇನ್ನೊಂದಕ್ಕೆ ಹೋದರೆ ಆರನೆಯ ಮೆಟ್ಟಲು 512ಕ್ಕೆ 729 ಎಂದು ಬರುತ್ತದೆ. ಇತ್ತ ಐದನೆಯ ಮೆಟ್ಟಲು ಷಡ್ಜದ ತಂತಿಯಲ್ಲಿ ಮಧ್ಯಮ. ಅಲ್ಲಿಂದ ಮೂರಕ್ಕೆ, ಮೂರರಿಂದ ಒಂದಕ್ಕೆ ಇಳಿದರೆ ಮೊದಲ ಮೆಟ್ಟಲು 243ಕ್ಕೆ 256. ಅದು ಷಡ್ಜದ ತಂತಿಯಲ್ಲಿ ಶುದ್ಧ ಋಷಭ, 90 ಸೆಂಟು. ರಾಮಾಮಾತ್ಯನು ಪಂಚಮದ ತಂತಿಯ ಆರನೆಯ ಮೆಟ್ಟಲನ್ನೂ ಶುದ್ಧ ಋಷಭವೆಂದೇ ಹೇಳುತ್ತಾನೆ. ಲೆಕ್ಕದಂತೆ ಅದು 113½ಕ್ಕಿಂತ ಸ್ವಲ್ಪ ಹೆಚ್ಚು. ಅಂತರ 23½. ಹನ್ನೆರಡು ಪಂಚಮಗಳ ವೃತ್ತದಲ್ಲಿ ಮಿಕ್ಕಿದ್ದ ಚೂರೇ ಇದು. ಹಂಪೆಯ ವೀಣೆಯಲ್ಲಿಯೂ ಬಂದು ಕುಳಿತಿದೆ.

ಒಂದೇ ಹೆಸರು ಎರಡು ಕಡೆಯೂ ನಿಲ್ಲಬೇಕಾದರೆ ಈ ಚೂರನ್ನು ಎಲ್ಲಿಯೋ ಕರಗಿಸಬೇಕು. ಎಲ್ಲ ಪಂಚಮಗಳಲ್ಲಿಯೂ ಸಮನಾಗಿ ಕರಗಿಸಿದರೆ ಸಿಕ್ಕುವುದು ಹನ್ನೆರಡರ ಸಮಭಾಗ ಪದ್ಧತಿ. ರಾಮಾಮಾತ್ಯನು ಸಮಭಾಗವನ್ನು ಕಂಡುಹಿಡಿದನೆಂದು ನಾವು ಹೇಳುತ್ತಿಲ್ಲ. ಅಂಥ ಜಂಬದ ಮಾತುಗಳು ಈಚೆಗೆ ಅತಿಯಾಗಿವೆ, ಅವುಗಳ ಸಾಲಿಗೆ ಇನ್ನೊಂದನ್ನು ಸೇರಿಸುವ ಇಚ್ಛೆ ನಮಗಿಲ್ಲ. ಅವನ ವೀಣೆಯಲ್ಲಿ ಮೆಟ್ಟಲು ಕೂರಿಸಿದವರ ಕಿವಿ ಅತ್ತ ಕಡೆಗೆ ತಿರುಗಲೇಬೇಕಾಗಿತ್ತು, ಇಷ್ಟೇ ನಮ್ಮ ಮಾತು. ಇನ್ನೊಂದು ಸಾಕ್ಷ್ಯವೂ ಇದೆ. ಅಂತರ ಗಾಂಧಾರಕ್ಕೂ ಕಾಕಲಿ ನಿಷಾದಕ್ಕೂ ಪ್ರತ್ಯೇಕ ಮೆಟ್ಟಲುಗಳನ್ನಿಟ್ಟರೆ ಅವು ಪಕ್ಕದ ಮೆಟ್ಟಲಿಗೆ ತೀರ ಒತ್ತಾಗಿ ಬಿಡುತ್ತವೆಂದು ರಾಮಾಮಾತ್ಯನು ಅವುಗಳಿಗೆ ಸ್ಥಳ ಕೊಡಲಿಲ್ಲ. ನೆರೆಯಲ್ಲಿರುವ ಚ್ಯುತಮಧ್ಯಮ ಗಾಂಧಾರವೂ ಚ್ಯುತಷಡ್ಜ ನಿಷಾದವೂ ಅವುಗಳಿಗೆ ಪ್ರತಿನಿಧಿಗಳಾಗಲೆಂದು ವಿಧಿಸಿದನು. ಪ್ರತಿನಿಧಿ ಎಂಬುದು ಎಷ್ಟು ಪ್ರಾಮಾಣಿಕವಾದ ಮಾತು! ಇದು ಅದಲ್ಲ, ಅದರ ಪರವಾಗಿ ನಿಂತದ್ದು. ಹದಿನೇಳನೆಯ ಶತಮಾನದಲ್ಲಿ ತಂಜಾವೂರಿನಲ್ಲಿ, ಗೋವಿಂದ ದೀಕ್ಷಿತರ ಪುತ್ರರಾದ ವೆಂಕಟಮಖಿಗಳು ಚತುರ್ದಂಡೀಪ್ರಕಾಶಿಕೆಯಲ್ಲಿ ಎಪ್ಪತ್ತೆರಡು ಮೇಳಗಳನ್ನು ಹೊಂದಿಸಿದಾಗ ಹನ್ನೆರಡೇ ಸ್ಥಾನಗಳಿಗೆ ಹದಿನಾರು ಹೆಸರುಗಳಾದುವು. ಚತುಶ್ರುತಿ ಋಷಭವೂ ಶುದ್ಧ ಗಾಂಧಾರವೂ ಒಂದೇ ಮೆಟ್ಟಲನ್ನು ಹಂಚಿಕೊಂಡುವು.

ಇದೇ ಕಾಲದಲ್ಲಿ ಹೊರಗೆ ನಡೆಯುತ್ತಿದ್ದುದನ್ನೂ ನೋಡಿ. ರಾಮಾಮಾತ್ಯನಿಗೆ ಮೂವತ್ತೊಂದು ವರ್ಷಗಳ ನಂತರ, 1581ರಲ್ಲಿ, ಇಟಲಿಯ ವಿಂಚೆಂಜೊ ಗೆಲಿಲೈ, ಪ್ರಸಿದ್ಧ ಜ್ಯೋತಿರ್ವಿಜ್ಞಾನಿ ಗೆಲಿಲಿಯೊವಿನ ತಂದೆ, ತನ್ನ ಲ್ಯೂಟ್ ವಾದ್ಯದ ಮೆಟ್ಟಲುಗಳಿಗೆ ಸರಳವಾದ ಒಂದು ನಿಯಮವನ್ನು ಬರೆದನು: ಉಳಿದ ತಂತಿಯ ಹದಿನೆಂಟನೆಯ ಒಂದು ಪಾಲನ್ನು ಪ್ರತಿಸಲವೂ ಕಳೆಯುತ್ತ ಹೋಗು. ಎಂದರೆ 17ಕ್ಕೆ 18ರ ಪ್ರಮಾಣ. ಅದು 99 ಸೆಂಟು. ಬೇಕಾದ ನೂರಕ್ಕೆ ಒಂದೇ ಸೆಂಟು ಕಡಮೆ. ಹನ್ನೆರಡು ಸಲ ಸೇರಿಸಿದಾಗ ಸ್ಥಾಯಿಗೆ 12½ ಸೆಂಟು ಕೊರೆ ಬೀಳುತ್ತದೆಂಬುದು ನಿಜ. ಆದರೆ ಕೈಯಲ್ಲಿ ಮೆಟ್ಟಲು ಕಟ್ಟುವವನಿಗೆ ಇದಕ್ಕಿಂತ ಸುಲಭವಾದ ಸೂತ್ರ ಸಿಕ್ಕಲಾರದು. 1584ರಲ್ಲಿ ಚೀಣಾ ದೇಶದ ರಾಜಪುತ್ರ ಝೂ ಝೈಯೂ ಎರಡರ ಹನ್ನೆರಡನೆಯ ಮೂಲವನ್ನು ಸೂಕ್ಷ್ಮವಾಗಿ ಗುಣಿಸಿ ಪ್ರಕಟಿಸಿದನು. ವಿಜಯನಗರ, ಇಟಲಿ, ಚೀಣಾ, ಮೂವತ್ತನಾಲ್ಕು ವರ್ಷ. ಅವರಲ್ಲಿ ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಲುಪಿತ್ತೆಂದು ಊಹಿಸಬೇಕಾದ ಅಗತ್ಯವಿಲ್ಲ. ಒಂದೇ ಪ್ರಶ್ನೆ ಮೂವರ ಮುಂದೆಯೂ ಬಂದು ನಿಂತಿತ್ತು.

ಇಲ್ಲಿ ಗಣಿತದ ಉಪಾಧ್ಯಾಯರ ಒಂದು ಚಪಲವನ್ನು ಶ್ರೋತೃಗಳು ಕ್ಷಮಿಸಬೇಕು. ಸಮಭಾಗದ ಸ್ವರಗಳಿಗೆ ಮೂಲದಲ್ಲಿ ಯಾವ ಪೂರ್ಣ ಅನುಪಾತವೂ ಇಲ್ಲ. ಅವುಗಳನ್ನು ಸಹಜ ಅನುಪಾತಗಳಿಂದ ಸಮೀಪಿಸಬಹುದು ಅಷ್ಟೇ. ಹಾರ್ಮೋನಿಯಮ್ಮಿನ ಪ್ರತಿಮಧ್ಯಮ ಸ್ಥಾಯಿಯ ನಟ್ಟನಡುವೆ ಇದೆ. ಆದ್ದರಿಂದ ಅದರ ಪ್ರಮಾಣ ಎರಡರ ವರ್ಗಮೂಲ. ಯಜ್ಞವೇದಿಗಳನ್ನು ಅಳೆಯುತ್ತಿದ್ದ ನಮ್ಮ ಶುಲ್ಬಸೂತ್ರಕಾರರು ಚೌಕದ ಕರ್ಣಕ್ಕೆ ಕೊಟ್ಟ ಸೂತ್ರವನ್ನು ನೆನೆಯಿರಿ: ಭುಜಕ್ಕೆ ಅದರ ಮೂರನೆಯ ಪಾಲನ್ನು ಸೇರಿಸಿ, ಆ ಪಾಲಿನ ನಾಲ್ಕನೆಯ ಪಾಲನ್ನು ಸೇರಿಸಿ, ಕೊನೆಗೆ ಅದರ ಮೂವತ್ತನಾಲ್ಕನೆಯ ಪಾಲನ್ನು ಕಳೆ. ಮೊದಲ ಹೆಜ್ಜೆ ಒಂದಕ್ಕೆ ಮೂರನೆಯ ಒಂದು ಸೇರಿ 4/3. ಅದು ಶುದ್ಧ ಮಧ್ಯಮ. ಎರಡನೆಯ ಹೆಜ್ಜೆ 17/12. ಅದು ಪೆಟ್ಟಿಗೆಯ ಪ್ರತಿಮಧ್ಯಮಕ್ಕೆ ಮೂರು ಸೆಂಟು ಮಾತ್ರ ಮೇಲೆ. ಅಲ್ಲಿಂದ ಪಂಚಮಕ್ಕೆ ಇರುವ ದೂರ ಸರಿಯಾಗಿ 17ಕ್ಕೆ 18, ಗೆಲಿಲೈ ಹೇಳಿದ ಪ್ರಮಾಣವೇ! ಮೂರನೆಯ ಹೆಜ್ಜೆ 577/408. ಅದಕ್ಕೂ ನಿಜವಾದ ಮೂಲಕ್ಕೂ ಸೆಂಟಿನ ನಾನೂರನೆಯ ಒಂದು ಪಾಲಿನಷ್ಟು ಭೇದ. ಶುಲ್ಬಕಾರರ ಮನಸ್ಸಿನಲ್ಲಿ ಸಂಗೀತವಿರಲಿಲ್ಲ, ಇಟ್ಟಿಗೆಯಿತ್ತು. ಸಂಖ್ಯೆಗಳು ಯಾರ ಕೈಯಲ್ಲಿ ಹುಟ್ಟಿದರೂ ಎಲ್ಲಿಗೋ ಹೋಗಿ ಸೇರುತ್ತವೆ.

ಬಾಖನ ಶಿಷ್ಯನಾಗಿದ್ದ ಕಿರ್ನ್‌ಬರ್ಗರ್ ಎಂಬ ಜರ್ಮನಿಯವನು ಹದಿನೆಂಟನೆಯ ಶತಮಾನದಲ್ಲಿ ಕಂಡದ್ದು ಇನ್ನೂ ಆಶ್ಚರ್ಯಕರ. ಷಡ್ಜದಿಂದ ಏಳು ಸಹಜ ಪಂಚಮಗಳನ್ನು ಕೆಳಕ್ಕಿಳಿದು, ಒಂದು ಸಹಜ ಅಂತರ ಗಾಂಧಾರವನ್ನೂ ಇಳಿದು, ನಿಂತ ಸ್ವರವನ್ನು ಸ್ಥಾಯಿ ಸ್ಥಾಯಿಯಾಗಿ ಮೇಲಕ್ಕೆ ತಂದರೆ 16384/10935 ಎಂಬ ಪಂಚಮ ದೊರೆಯುತ್ತದೆ. ಅದು ಸಮಭಾಗದ ಪಂಚಮದಿಂದ ಬೇರೆಯಾಗಿರುವುದು ಸೆಂಟಿನ ಸಾವಿರದಲ್ಲಿ ಒಂದು ಪಾಲಿನಷ್ಟು. ಯಾವ ಉಪಕರಣಕ್ಕೂ ಹಿಡಿಯುವುದು ಕಷ್ಟ. ಎಂದರೆ, ನಡುಕವಿಲ್ಲದ ಪಂಚಮವನ್ನೂ ನಡುಕವಿಲ್ಲದ ಗಾಂಧಾರವನ್ನೂ ಬಲ್ಲ ಕಿವಿಯೊಂದಿದ್ದರೆ, ಸಹಜವಾದ ಹೆಜ್ಜೆಗಳಿಂದಲೇ ನಡೆದು ಸಮಭಾಗದ ಪಿಯಾನೋವನ್ನು ಶ್ರುತಿ ಮಾಡಬಹುದು. ಕೆಳಗಿನ ಮನೆಯ ಅಮ್ಮನವರು ಮನಸ್ಸು ಮಾಡಿದರೆ ಮಾಡಿಯಾರು, ಮನಸ್ಸು ಮಾಡುವುದಿಲ್ಲ.

ಇಪ್ಪತ್ತೆರಡು ಶ್ರುತಿಗಳ ಮಾತೇನೆಂದು ಕೆಲವರು ಕೇಳಬಹುದು. ಸ್ಥಾಯಿಯನ್ನು ಇಪ್ಪತ್ತೆರಡು ಸಮಭಾಗ ಮಾಡಿದ್ದೇ ಶ್ರುತಿಯೆಂದು ಹೇಳುವವರಿದ್ದಾರೆ. ಹಾಗೆ ಮಾಡಿದರೆ ಹದಿಮೂರನೆಯ ಶ್ರುತಿಯಲ್ಲಿ ಬರುವ ಪಂಚಮ 709 ಸೆಂಟು. ಏಳು ಸೆಂಟು ಹೆಚ್ಚು. ಹಾರ್ಮೋನಿಯಮ್ಮಿನ ಪಂಚಮವೇ ಅದಕ್ಕಿಂತ ಸಾವಿರ ಪಾಲು ಮೇಲು. ಸಮಭಾಗವೇ ಬೇಕು, ಪಂಚಮವೂ ಗಾಂಧಾರವೂ ಎರಡೂ ಒಪ್ಪಬೇಕು ಎನ್ನುವವರು 53 ಭಾಗಗಳಿಗೆ ಹೋಗಬೇಕು. ಅಲ್ಲಿ ಪಂಚಮ ಬಹುಮಟ್ಟಿಗೆ ಪರಿಪೂರ್ಣ, ಗಾಂಧಾರಕ್ಕೆ ಒಂದೂವರೆ ಸೆಂಟಿನೊಳಗೆ ಕೊರತೆ. ಆದರೆ ಸ್ಥಾಯಿಗೆ 53 ಮನೆಗಳುಳ್ಳ ಪೆಟ್ಟಿಗೆಯನ್ನು ನುಡಿಸುವವರಾರು?

ಮಗುವಿನ ಪ್ರಶ್ನೆ ಉಳಿಯಿತು. ಪೆಟ್ಟಿಗೆಯನ್ನು ಒಯ್ದು ಅಟ್ಟದ ಮೇಲಿಡುವುದು ನಮಗೆ ಒಪ್ಪಿಗೆಯಾಗಲಿಲ್ಲ. ಹಾಗೆಯೇ ಬಿಡಲೂ ಮನಸ್ಸು ಬರಲಿಲ್ಲ. ಒಂದೇ ಕಿವಿಯಲ್ಲಿ ಎರಡು ಪದ್ಧತಿಗಳಿಗೂ ಸ್ಥಳವುಂಟೆಂಬುದಕ್ಕೆ ಮೈಸೂರಿನ ಅರಮನೆಗಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ. ಶ್ರೀ ಜಯಚಾಮರಾಜೇಂದ್ರ ಒಡೆಯರು ಪಿಯಾನೋವನ್ನು ಶಾಸ್ತ್ರೋಕ್ತವಾಗಿ ಕಲಿತವರು. ರಷ್ಯಾದ ಮೆಟ್ನರನು ತನ್ನ ಮೂರನೆಯ ಪಿಯಾನೋ ಕನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ್ದಾನೆ. ಅವರೇ ಕರ್ಣಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದರು. ಪಿಯಾನೋವಿನ 400 ಅವರ 386ನ್ನು ಕೆಡಿಸಿತೆಂದು ಯಾರೂ ಹೇಳಲಾರರು. ಆದರೆ ಅವರಿಗೆ ಯಾವುದು ಯಾವುದೆಂದು ಗೊತ್ತಿತ್ತು. ನಮ್ಮ ಮಗಳಿಗೆ ಗೊತ್ತಿರಲಿಲ್ಲ. ಪೆಟ್ಟಿಗೆಯೇ ಅವಳಿಗೆ ಗುರುವಾಗಿತ್ತು. ಕೇಡಿರುವುದು ಅಲ್ಲಿ.

ಈಗಿನ ಕೆಲವು ಕೀಬೋರ್ಡುಗಳಲ್ಲಿ ಹನ್ನೆರಡು ಮನೆಗಳನ್ನೂ ಪ್ರತ್ಯೇಕವಾಗಿ ಸೆಂಟಿನ ಲೆಕ್ಕದಲ್ಲಿ ಏರಿಸುವ ಇಳಿಸುವ ಸೌಕರ್ಯವಿದೆ. ಅದೃಷ್ಟವಶಾತ್ ನಮ್ಮದರಲ್ಲಿಯೂ ಇತ್ತು. ಮನೆಯಲ್ಲಿ ಮಕ್ಕಳಿರುವವರು ಬರೆದುಕೊಳ್ಳಬಹುದು. ಷಡ್ಜವನ್ನು ಇದ್ದಂತೆಯೇ ಬಿಟ್ಟು, ಚತುಶ್ರುತಿ ಋಷಭವನ್ನು 4 ಏರಿಸಬೇಕು. ಅಂತರ ಗಾಂಧಾರವನ್ನು 14 ಇಳಿಸಬೇಕು. ಶುದ್ಧ ಮಧ್ಯಮವನ್ನು 2 ಇಳಿಸಿ ಪಂಚಮವನ್ನು 2 ಏರಿಸಬೇಕು. ಕಾಕಲಿ ನಿಷಾದವನ್ನು 12 ಇಳಿಸಬೇಕು. ಚತುಶ್ರುತಿ ಧೈವತದ ವಿಷಯ ಹೇಳುವುದು ಕಷ್ಟ. ಷಡ್ಜಕ್ಕೆ ಒಪ್ಪಬೇಕಾದರೆ 16 ಇಳಿಸಬೇಕು. ಋಷಭಕ್ಕೆ ಪಂಚಮವಾಗಿ ಒಪ್ಪಬೇಕಾದರೆ 6 ಏರಿಸಬೇಕು. ಇದು ಸಿಂಪಾಡಿಪುರದವರು ಬಹಳ ಹೊತ್ತು ಕುಳಿತ ಎರಡನೆಯ ಮೆಟ್ಟಲಿನ ಜಗಳವೇ. ಹಾಡುವ ಶ್ರುತಿ ಬದಲಾಯಿತೆಂದರೆ ಈ ಸಂಖ್ಯೆಗಳನ್ನೆಲ್ಲ ಹೊಸ ಷಡ್ಜಕ್ಕೆ ಅನುಸಾರವಾಗಿ ಬೇರೆ ಮನೆಗಳಿಗೆ ಸಾಗಿಸಬೇಕು; ಮರೆತರೆ ಅಪಸ್ವರ ಮೊದಲಿನದಕ್ಕಿಂತ ಘೋರವಾಗುತ್ತದೆ. ನಾವು ಒಮ್ಮೆ ಮರೆತು ಅನುಭವಿಸಿದ್ದೇವೆ.

ಹೀಗೆ ತಿದ್ದಿದ ಪೆಟ್ಟಿಗೆಯನ್ನು ಒಂದು ಸಂಜೆ ಕೆಳಕ್ಕೆ ಒಯ್ದೆವು. ಅಮ್ಮನವರು ತಂಬೂರಿ ಮೀಟುತ್ತ ಗಾಂಧಾರವನ್ನು ಒತ್ತಿಸಿ ಕೇಳಿದರು. ತಲೆದೂಗಿದರು. ನಿಷಾದಕ್ಕೂ ತಲೆದೂಗಿದರು. ಧೈವತ ಬಂದಾಗ ಸುಮ್ಮನೆ ಕುಳಿತು, "ಇದನ್ನು ಎಲ್ಲಿಟ್ಟಿದ್ದೀರಿ, ಮೇಷ್ಟ್ರೇ?" ಎಂದರು. ಷಡ್ಜಕ್ಕೆ ಒಪ್ಪುವಂತೆ ಇಟ್ಟಿದ್ದೇವೆಂದೆವು. "ಮೋಹನಕ್ಕೆ ಪರವಾಯಿಲ್ಲ" ಎಂದರು. ಉಳಿದ ರಾಗಗಳ ವಿಷಯ ಹೇಳಲಿಲ್ಲ. ಮಗಳು ಈಗ ಎರಡು ಏರ್ಪಾಡುಗಳನ್ನೂ ಪೆಟ್ಟಿಗೆಯ ನೆನಪಿನಲ್ಲಿ ಇಟ್ಟುಕೊಂಡಿದ್ದಾಳೆ. ಶಾಲೆಯ ವಾದ್ಯಮೇಳಕ್ಕೆ ಹೋಗುವ ದಿನ ಸಮಭಾಗ, ಕೆಳಗಿನ ಮನೆಯ ಪಾಠದ ದಿನ ಸಹಜ. ಮೊದಲನೆಯದಕ್ಕೆ ಸ್ಕೂಲ್ ಗಾಂಧಾರವೆಂದೂ ಎರಡನೆಯದಕ್ಕೆ ಅಜ್ಜಿ ಗಾಂಧಾರವೆಂದೂ ಅವಳೇ ಹೆಸರಿಟ್ಟಿದ್ದಾಳೆ. ಧೈವತಕ್ಕೆ ಇನ್ನೂ ಹೆಸರಾಗಿಲ್ಲ.